ಗ್ರೇಹಾಕ್ ಹೊಸಬರಿಗೆ ಹಿಡಿಸಿದ್ದು ಹೀಗೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಒಬ್ಬರು ಕಥೆ ನಡೆಸಿ, ಉಳಿದವರು ಅದರ ಪಾತ್ರಗಳಾಗಿ ಆಡುವ ಆಟ. ಅದರ ಹಳೆಯ ಕಾಲ್ಪನಿಕ ಲೋಕಗಳಲ್ಲಿ ಗ್ರೇಹಾಕ್ ನನಗೆ ಬಹಳ ಇಷ್ಟ. ಆಟವನ್ನು ರೂಪಿಸಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಕಟ್ಟಿದ ಲೋಕ ಅದು. ಹೊಸ ಆಟಗಾರರು 4 ಜನ ಸಿಕ್ಕಾಗ ಖುಷಿಯಲ್ಲಿ 20 ಪುಟದ ಇತಿಹಾಸ ಬರೆದು ಕೊಟ್ಟೆ. ಎರಡನೇ ಸಲ ಕೂತಾಗಲೇ ಎಲ್ಲರ ಮುಖದಲ್ಲೂ ಸುಸ್ತು. ರಾಜರು, ಯುದ್ಧಗಳು, ಹೆಸರುಗಳು, ತುಂಬಾ ಜಾಸ್ತಿ ಆಗಿತ್ತು.

ದಾರಿ ಸಿಕ್ಕಿದ್ದು ಆಟ ನಡೆಸುವವರಿಗಾಗಿ ಬಂದ ಪುಸ್ತಕವಾದ 2024ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ. ಅದು ಗ್ರೇಹಾಕ್ ಕಾಲವನ್ನು ಹಿಂದಕ್ಕೆ ತಿರುಗಿಸಿ, ಈ ಲೋಕದ ಬಗ್ಗೆ 1980ರಲ್ಲಿ ಬಂದ ಮೊದಲ ಪುಸ್ತಕದಲ್ಲಿದ್ದ, ಅದರದೇ ಪಂಚಾಂಗದ 576ನೇ ವರ್ಷಕ್ಕೇ ತಂದು ನಿಲ್ಲಿಸುತ್ತದೆ. ಆಮೇಲೆ ಬರೆದ ಯುದ್ಧಗಳು ಇನ್ನೂ ನಡೆದೇ ಇಲ್ಲ! ನಾನೂ ಹಾಗೇ ಮಾಡಿದೆ. ಇಡೀ ಭೂಪಟ ಬಿಟ್ಟು ಸೆಲಿಂಟನ್ ನದಿ ದಡದ ಗ್ರೇಹಾಕ್ ನಗರ ಒಂದನ್ನೇ ಇಟ್ಟುಕೊಂಡೆ. ಇತಿಹಾಸ ಅರ್ಧ ಪುಟಕ್ಕೆ ಇಳಿಯಿತು. ಉಳಿದದ್ದನ್ನು ಕೇಳಿದಾಗ ಮಾತ್ರ ಹೇಳಿದೆ.

ಇನ್ನೊಂದು ಬದಲಾವಣೆ ನನಗೆ ಮುಖ್ಯ ಅನ್ನಿಸಿತು. ಓರ್ಕ್‌ಗಳೆಲ್ಲ (ಆಟದ ಒಂದು ಕಾಲ್ಪನಿಕ ಜನಾಂಗ) ಹುಟ್ಟಿನಿಂದಲೇ ಕೆಟ್ಟವರು ಅನ್ನುವುದನ್ನು ತೆಗೆದುಹಾಕಿದೆ. ಗ್ರೇಹಾಕ್ ಲೋಕದ ಕ್ರೂರ ಅರೆದೇವತೆ ಇಯುಜ್‌ನ ಸೈನ್ಯ ಬಿಟ್ಟು ಓಡಿ ಬಂದ ಒಬ್ಬ ಓರ್ಕ್ ಸೈನಿಕನನ್ನು ನಗರದ ಬಾಗಿಲಲ್ಲಿ ನಿಲ್ಲಿಸಿದೆ. ಒಳಗೆ ಬಿಡಬೇಕಾ, ಬೇಡ್ವಾ? ನಾಲ್ವರೂ ಒಂದು ಗಂಟೆ ವಾದ ಮಾಡಿದರು. ಆಟ ಮುಗಿದ ಮೇಲೆ ಒಬ್ಬರು ಇಯುಜ್ ಯಾರು ಅಂತ ತಾವಾಗಿಯೇ ಕೇಳಿದರು.