ಹಗಲು ಬಿಟ್ಟು ರಾತ್ರಿಗೆ ಬಂದೆ: ಗಂಗಾವತಿಯಲ್ಲಿ ನನ್ನ ಮನೆ ಡಯಾಲಿಸಿಸ್

ಕಿಡ್ನಿ ಕೈ ಕೊಟ್ಟ ಮೇಲೆ ಮನೆಯಲ್ಲೇ ಮಷೀನ್ ಹಚ್ಚಿಕೊಂಡು ರಕ್ತ ಶುದ್ಧ ಮಾಡಿಕೊಳ್ಳುವವನು ನಾನು. ಈ ಸಲದ ರಕ್ತದ ರಿಪೋರ್ಟಿನಲ್ಲಿ, ನಮ್ಮಂಥವರಲ್ಲಿ ಏರಿ ಕಾಡುವ ಫಾಸ್ಫರಸ್ 4.6 ಬಂತು. ಹೋದ ವರ್ಷ ಇದೇ ಹೊತ್ತಿಗೆ ಏಳರ ಮೇಲಿತ್ತು. ಅದನ್ನು ಇಳಿಸಲು ದಿನಕ್ಕೆ ಆರು ಸೆವೆಲಮರ್ ಗುಳಿಗೆ ನುಂಗುತ್ತಿದ್ದವನು ಈಗ ಎರಡಕ್ಕೆ ಬಂದಿದ್ದೇನೆ. "ಮಾಮಾ, ರಾತ್ರಿ ಮಷೀನ್ ಹಚ್ಚಿಕೊಂಡು ಮಲಗೋದಂದ್ರ ಜೀವದ ಜೋಡಿ ಆಟ" ಅಂದಿದ್ದ ಹೆಂಡತಿಯ ತಮ್ಮನೇ ಈಗ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಅದಕ್ಕೇ ಬರೆಯಲು ಕೂತೆ.

ಮೊದಲ ಎಂಟು ತಿಂಗಳು ಹಗಲಲ್ಲೇ ಮಾಡಿದೆ. ವಾರಕ್ಕೆ ಮೂರು ದಿನ, ಮಧ್ಯಾಹ್ನ 12ರಿಂದ 4. ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಭತ್ತ ನಾಟಿ ಹೊತ್ತಿನಲ್ಲಿ ಸುಟ್ಟ ಮೋಟಾರ್ ತಂದ ರೈತ ಶಟರ್ ಮುಂದೆ ಕಾಯುತ್ತಾ ಕೂರುವುದಿಲ್ಲ. ತಿಂಗಳಿಗೆ ಹನ್ನೆರಡು–ಹದಿನೈದು ಸಾವಿರದ ಕೆಲಸ ಕೈ ತಪ್ಪಿತು. ಅದಕ್ಕಿಂತ ಕಷ್ಟ ಬೇಸಿಗೆಯದು. ಏಪ್ರಿಲ್‌ನಲ್ಲಿ ನಮ್ಮಲ್ಲಿ ಬಿಸಿಲು 40 ದಾಟುತ್ತದೆ, ಎಷ್ಟು ತಡೆದರೂ ನೀರು ಒಳಗೆ ಹೋಗಿಯೇ ಹೋಗುತ್ತದೆ. ಒಂದು ಡಯಾಲಿಸಿಸ್‌ನಿಂದ ಇನ್ನೊಂದಕ್ಕೆ ಮೂರೂವರೆ ಕೆಜಿ ಏರುತ್ತಿತ್ತು. ನನ್ನ ಡ್ರೈ ವೇಟ್, ಅಂದರೆ ಹೆಚ್ಚಿನ ನೀರೆಲ್ಲ ತೆಗೆದ ಮೇಲಿನ ತೂಕ, 62 ಕೆಜಿ. ನಾಲ್ಕು ತಾಸಿನಲ್ಲಿ ಅಷ್ಟನ್ನೂ ಎಳೆದರೆ ತಾಸಿಗೆ 875 ಎಂಎಲ್, ಅಂದರೆ ಕೆಜಿಗೆ 14. ಹದಿಮೂರು ದಾಟಬಾರದು ಅಂತಾರೆ. ಮೂರನೇ ತಾಸಿಗೆ ಬಿಪಿ 90ಕ್ಕೆ ಇಳಿದು ಮೀನಖಂಡ ಕಲ್ಲಾಗುತ್ತಿತ್ತು. ಹೆಂಡತಿ ಸಲೈನ್ ಬಿಡುವಳು. ತೆಗೆದ ನೀರು ಮತ್ತೆ ಒಳಗೆ. ಡಯಾಲಿಸೇಟ್, ಅಂದರೆ ಮಷೀನಿನಲ್ಲಿ ರಕ್ತದ ಕೊಳೆ ಎಳೆದುಕೊಳ್ಳುವ ದ್ರಾವಣ, ಅದರ ಬಿಸಿ 36ಕ್ಕೆ ಇಳಿಸಿ ನೋಡಿದೆ. ಬಿಪಿ ಸ್ವಲ್ಪ ನಿಂತಿತು, ಕಾಲು ಹಿಡಿಯುವುದು ಬಿಡಲಿಲ್ಲ.

ರಾತ್ರಿ ಮಲಗಿದಾಗ ನಿಧಾನಕ್ಕೆ ಮಾಡುತ್ತೇನೆ ಅಂದರೆ ಡಾಕ್ಟರು ಮೊದಲು ಒಪ್ಪಲಿಲ್ಲ. ಮೂರು ತಿಂಗಳ ಬಿಪಿ, ತೂಕ ಬರೆದ ನೋಟ್‌ಬುಕ್ ಮುಂದಿಟ್ಟೆ. ಆಮೇಲೆ ಅವರೇ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಬದಲಿಸಿ ಬರೆದುಕೊಟ್ಟರು. ರಾತ್ರಿ 10ರಿಂದ ಬೆಳಿಗ್ಗೆ 6, ದಿನ ಬಿಟ್ಟು ದಿನ. ರಕ್ತದ ಓಟ ನಿಮಿಷಕ್ಕೆ 300 ಎಂಎಲ್‌ನಿಂದ 200ಕ್ಕೆ, ಡಯಾಲಿಸೇಟ್ 500ರಿಂದ 300ಕ್ಕೆ. ಎಂಟು ತಾಸಿಗೆ ನೀರು ದುಪ್ಪಟ್ಟು ಬೇಕು ಅಂತ ಹೆದರಿಸಿದವರಿದ್ದರು. ಗುಣಿಸಿ ನೋಡಿ: 120 ಲೀಟರ್ ಇದ್ದದ್ದು 144 ಆಯಿತು, ಅಷ್ಟೇ. ಮೂರೂವರೆ ಲೀಟರ್ ಏರಿದರೂ ತಾಸಿಗೆ 440ರ ಒಳಗೇ ಇಳಿಯುತ್ತದೆ. ಸಲೈನ್ ಬಾಟಲಿ ಮುಟ್ಟಿ ಎಷ್ಟೋ ದಿನವಾಯಿತು.

ಸುಲಭಕ್ಕೆ ಬರಲಿಲ್ಲ ಇದು. ಎರಡನೇ ವಾರ, ರಾತ್ರಿ ಎರಡರ ಸುಮಾರಿಗೆ ಕರೆಂಟ್ ಹೋಯಿತು. ಇನ್ವರ್ಟರ್ ಒಂದು ನಿಮಿಷ ಹಿಡಿದು ಟ್ರಿಪ್ ಆಯಿತು. ದಿನವಿಡೀ ಮೋಟಾರ್ ಲೋಡ್ ಲೆಕ್ಕ ಹಾಕುವ ನಾನು ಮಷೀನಿನ ಹೀಟರ್ ಲೋಡ್ ಸರಿಯಾಗಿ ಕೂಡಿಸಿರಲಿಲ್ಲ. ಮಷೀನಿನ ಸ್ವಂತ ಬ್ಯಾಟರಿಯ ಮೇಲೆ ರಕ್ತ ವಾಪಸ್ ಕೊಟ್ಟು ಬಿಡಿಸಿಕೊಂಡೆವು. ಮರುದಿನವೇ 5 ಕೆವಿಎ ಇನ್ವರ್ಟರ್, ನಾಲ್ಕು ಟ್ಯೂಬುಲರ್ ಬ್ಯಾಟರಿ. ತೊಂಬತ್ತೈದು ಸಾವಿರ ಹತ್ತಿರ ಹೋಯಿತು. ನೀರು ಶುದ್ಧ ಮಾಡುವ ಆರ್‌ಒ ಸೇರಿಸಿ ಎರಡು ತಾಸು ಎಳೆಯುತ್ತದೆ.

ನಿಜವಾಗಿ ಎದೆ ನಡುಗಿದ್ದು ಇನ್ನೊಂದು ರಾತ್ರಿ. "ರೀ, ಏಳ್ರಿ, ಹಾಸಿಗಿ ಹಸಿಯಾಗೈತಿ" ಅಂತ ಹೆಂಡತಿ ಭುಜ ಅಲುಗಾಡಿಸಿದಳು. ಲೈಟ್ ಹಾಕಿದರೆ ಮೊಳಕೈ ಕೆಳಗೆ ಅಂಗೈಯಗಲ ರಕ್ತ. ರಕ್ತ ಮೈಗೆ ವಾಪಸ್ ಬರುವ ವೀನಸ್ ಸೂಜಿ ಪೂರ್ತಿ ಕಿತ್ತು ಬಂದಿರಲಿಲ್ಲ, ಟೇಪ್ ಬೆವರಿಗೆ ಎದ್ದು ಸಂದಿನಿಂದ ಜಿನುಗುತ್ತಿತ್ತು. ಪ್ರೆಶರ್ ಅಷ್ಟಾಗಿ ಬೀಳದ್ದರಿಂದ ಮಷೀನ್ ಕೂಗಲೇ ಇಲ್ಲ. ಮಕ್ಕಳು ಹಾಸಿಗೆ ಒದ್ದೆ ಮಾಡಿದರೆ ಕೂಗುವ ಅಲಾರಂ ಸಿಗುತ್ತದಲ್ಲ, ಎರಡು ಸಾವಿರದ ಚಿಲ್ಲರೆ, ಅದರ ಪಟ್ಟಿಯನ್ನು ಈಗ ಸೂಜಿಯ ಕೆಳಗೇ ಕಟ್ಟುತ್ತೇನೆ. ಹನಿ ಬಿದ್ದರೆ ಮನೆಯೆಲ್ಲ ಏಳುತ್ತದೆ. ಅದಿಲ್ಲದೆ ರಾತ್ರಿ ಹಚ್ಚಬೇಡಿ. ಟೇಪ್ ಸುತ್ತುವ ನನ್ನ ರೀತಿಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಕೈಯಿಂದ ಕೈಗೆ ಕಲಿಯುವಂಥದ್ದು, ಓದಿ ಸುತ್ತಿದರೆ ಅಪಾಯ. ಡಯಾಲಿಸೇಟ್ ಮಾಡುವ ದ್ರಾವಣದ ಕ್ಯಾನುಗಳನ್ನು ಯಾವ ರೇಟಿಗೆ, ಎಲ್ಲಿಂದ ತರಿಸುತ್ತೇನೆ ಅನ್ನುವುದೂ ನನ್ನಲ್ಲೇ ಇರಲಿ. ಒಂದು ರಾತ್ರಿಗೆ ಎಲ್ಲ ಸೇರಿ ಸುಮಾರು 1,800 ಬೀಳುತ್ತಿದೆ. ಹಗಲಿನದಕ್ಕಿಂತ ತಿಂಗಳಿಗೆ ಐದಾರು ಸಾವಿರ ಜಾಸ್ತಿ, ಆದರೆ ಅಂಗಡಿ ವಾರಪೂರ್ತಿ ತೆರೆದಿರುತ್ತದೆ.

ನೀರಿನದೂ ಒಂದು ಮಾತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತ ಮೇಲೆ ನಮ್ಮ ಬೋರಿನ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣ, 600ರಿಂದ ಸಾವಿರದ ಮೇಲೆ ಏರುತ್ತದೆ. ಗಡಸು ನೀರು ಮೆದು ಮಾಡುವ ಸಾಫ್ಟನರ್‌ಗೆ ಉಪ್ಪು ಹಾಕುವುದನ್ನು ಹತ್ತು ದಿನಕ್ಕೊಮ್ಮೆ ಇದ್ದದ್ದು ನಾಲ್ಕು ದಿನಕ್ಕೆ ತಂದೆ. ಹಾಗೆ ಮಾಡದೆ ಮೊದಲ ವರ್ಷ ಆರ್‌ಒದ ಒಂದು ಮೆಂಬ್ರೇನ್ ಕಳೆದುಕೊಂಡಿದ್ದೆ. ಆರ್‌ಒ ಬಿಡುವ ಉಪ್ಪು ನೀರನ್ನು ಗಿಡಗಳಿಗೆ ಹಾಕಿ ನೋಡಿದೆ. ತುಳಸಿ ಹದಿನೈದು ದಿನಕ್ಕೆ ಒಣಗಿತು, ಅವ್ವ ಬಹಳ ನೊಂದುಕೊಂಡಳು. ತೆಂಗು ಮಾತ್ರ ಚೆನ್ನಾಗೇ ಇದೆ.

ಹಗಲನ್ನು ಪೂರ್ತಿ ಬಿಟ್ಟಿಲ್ಲ. ನೀರಿನ ಕಾರ್ಬನ್ ಫಿಲ್ಟರ್ ಹೊಸದು ಹಾಕಿದ ಮೇಲಿನ ಮೊದಲ ಸಲ ಹಗಲಲ್ಲೇ, ಎಚ್ಚರವಾಗಿದ್ದು ಮಾಡುತ್ತೇನೆ. ಹೆಂಡತಿ ಕುಷ್ಟಗಿಗೆ ತವರಿಗೆ ಹೋದರೆ ಆ ರಾತ್ರಿ ಮಷೀನ್ ಮುಟ್ಟುವುದಿಲ್ಲ. ಅವಳೂ ಕ್ಯಾಲೆಂಡರ್‌ನಲ್ಲಿ ಮಷೀನ್ ಇಲ್ಲದ ದಿನ ನೋಡಿಯೇ ಬಸ್ ಹತ್ತುತ್ತಾಳೆ, ಮರುದಿನ ಸಂಜೆಗೆ ವಾಪಸ್.