ಕ್ರೇಟಿನ ತಳದ ಹಣ್ಣು

ಕೋಲಾರ ತಾಲ್ಲೂಕಿನಲ್ಲಿರುವ ನಮ್ಮ ಒಂದೂವರೆ ಎಕರೆಯಲ್ಲಿ ನಾನು 20 ವರ್ಷಗಳಿಂದ ಟೊಮೆಟೊ ಬೆಳೆಯುತ್ತಿದ್ದೇನೆ. ಭಾನುವಾರದ ಆರಾಧನೆ ತಪ್ಪಿಸುವವನಲ್ಲ. ಸಭೆಯವರು ಕಾಣಿಕೆ ಎಣಿಸುವ ಕೆಲಸವನ್ನೂ ನನಗೇ ಒಪ್ಪಿಸಿದ್ದಾರೆ. ಆ ಹಣದಲ್ಲಿ ಒಂದು ರೂಪಾಯಿಯನ್ನೂ ಮುಟ್ಟಬೇಕೆಂದು ನನಗೆ ಎಂದೂ ಅನ್ನಿಸಿದ್ದಿಲ್ಲವಾದ್ದರಿಂದ ನಾನು ಪ್ರಾಮಾಣಿಕನೆಂದೇ ಬಹಳ ಕಾಲ ನಂಬಿಕೊಂಡಿದ್ದೆ.

ನನ್ನ ಮೋಸವೆಲ್ಲ ಕ್ರೇಟಿನ ತಳದಲ್ಲಿತ್ತು. 15 ಕೆ.ಜಿ. ಹಿಡಿಯುವ ಕ್ರೇಟಿಗೆ ಮೊದಲು ಗೋಲಿ ಗಾತ್ರದ ಹಣ್ಣು, ಬಿಸಿಲಿಗೆ ಬೆಂದು ಬೆನ್ನು ಬಿಳಿಚಿದ ಹಣ್ಣು, ಹುಳು ಕೊರೆದು ಸಣ್ಣ ತೂತಾದ ಹಣ್ಣುಗಳನ್ನು ಸುರಿದು, ಮೇಲಿನ ಎರಡು ಸಾಲಿಗೆ ಮಾತ್ರ ಒಂದೇ ಅಳತೆಯ ಕೆಂಪು ಹಣ್ಣನ್ನು ತೊಟ್ಟು ಕೆಳಗಾಗುವಂತೆ ಜೋಡಿಸುತ್ತಿದ್ದೆವು. ಹರಾಜಿನ ಹೊತ್ತಿನಲ್ಲಿ ಖರೀದಿದಾರ ಒಂದೆರಡು ಕ್ರೇಟಿಗೆ ಕೈ ಹಾಕಿ ನೋಡಿಯಾನು, ಎಲ್ಲವನ್ನೂ ಸುರಿದು ನೋಡಲಾರ. ಇದನ್ನು ನಮ್ಮ ಕಡೆ ಯಾರೂ ಮೋಸ ಎನ್ನುವುದಿಲ್ಲ, ಜಾಣತನ ಎನ್ನುತ್ತಾರೆ. ಬೈಬಲಿನ ಧರ್ಮೋಪದೇಶಕಾಂಡದ 25ನೇ ಅಧ್ಯಾಯದಲ್ಲಿ ಒಂದೇ ಚೀಲದಲ್ಲಿ ಹೆಚ್ಚು ತೂಕದ್ದೂ ಕಡಿಮೆ ತೂಕದ್ದೂ ಆದ ಎರಡು ಬಗೆಯ ಕಲ್ಲುಗಳು ಇರಬಾರದೆಂಬ ಆಜ್ಞೆಯಿದೆ. ಅದನ್ನು ಸಂಡೇ ಸ್ಕೂಲ್ ಮಕ್ಕಳಿಗೆ ನಾನೇ ಪಾಠ ಮಾಡಿದ್ದೆ. ಆದರೆ ಪ್ರತಿ ಸಲ ಕೊಟ್ಟ ಉದಾಹರಣೆ ಅಂಗಡಿಯವನದು, ರೈತನದಲ್ಲ.

2023ರ ಜುಲೈನಲ್ಲಿ ಕೋಲಾರದಲ್ಲಿ ಕ್ರೇಟಿನ ದರ 2,000 ರೂಪಾಯಿ ದಾಟಿತು. ಕೊಯ್ಲಿನ ಕೂಲಿಯೂ ಹುಟ್ಟದ ವರ್ಷಗಳಲ್ಲಿ ಇದೇ ಹಣ್ಣನ್ನು ರಸ್ತೆ ಬದಿಗೆ ಸುರಿದವರು ನಾವು. ಆ ಕೊಯ್ಲಿನಲ್ಲಿ ಆಯ್ದ ಹಣ್ಣು 38 ಕ್ರೇಟ್ ಇತ್ತು. ಗೋಲಿಯನ್ನು ತಳಕ್ಕೆ ಹಾಕಿದ್ದರಿಂದ 44 ಆಯಿತು. ಹೆಚ್ಚುವರಿ ಆರಕ್ಕೆ ಹನ್ನೆರಡು ಸಾವಿರಕ್ಕೂ ಮೇಲೆ ಸಿಕ್ಕಿತು. ಮಾರನೆಯ ದಿನ ಸಾರಿಗೆಂದು ಶೆಡ್ಡಿಗೆ ಹೋದ ನನ್ನ ಹೆಂಡತಿ ಬರಿಗೈಯಲ್ಲಿ ಬಂದು, “ಗೋಲಿ ಎಲ್ಲಿ? ಒಂದೂ ಇಲ್ಲವಲ್ಲ?” ಎಂದು ಕೇಳಿದಳು. ಮನೆಯಲ್ಲಿ ನಾವು ತಿನ್ನುವುದು ಯಾವಾಗಲೂ ಮಾರಾಟವಾಗದ ಆ ಹಣ್ಣನ್ನೇ. ಎಲ್ಲಿಗೆ ಹೋಯಿತೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಬೈಬಲಿನಲ್ಲಿ ಬರುವ ಜಕ್ಕಾಯನೆಂಬ ಸುಂಕದವನು, ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದ. ನನ್ನ ಕೈಯಲ್ಲಿ ಅಷ್ಟಾಗಲಿಲ್ಲ. ಆರು ಕ್ರೇಟಿನ ಹಣ ಹಿಡಿದು ಮಂಡಿಗೆ ಹೋದಾಗ ಅಲ್ಲಿದ್ದವರು ಮೊದಲು ನಕ್ಕರು, ಆಮೇಲೆ ನನಗೆ ಮೈ ಸರಿಯಿಲ್ಲವೇನೋ ಎಂಬಂತೆ ನೋಡಿದರು. ಹಣ್ಣು ಆಗಲೇ ಹೊರರಾಜ್ಯದ ಲಾರಿ ಹತ್ತಿ ಹೋಗಿತ್ತು. ಕೊನೆಗೆ ಆ ಮೊತ್ತವನ್ನು ಅದೇ ಖರೀದಿದಾರನ ಖಾತೆಗೆ ಜಮಾ ಬರೆಸಿ ಬಂದೆ. ತಿಂದವರಿಗೆ ಏನನ್ನೂ ಕೊಟ್ಟಂತಾಗಲಿಲ್ಲ, ಅದು ನಿಜ.

ಅಂದಿನಿಂದ ಚಪ್ಪರದ ಕೆಳಗೆ ಮೂರು ರಾಶಿ ಮಾಡಿಸುತ್ತೇನೆ. ಗೋಲಿಯ ಕ್ರೇಟುಗಳ ಹಿಡಿಗೆ ಹಸಿರು ದಾರ ಕಟ್ಟಿ, ಬೇರೆ ಲಾಟ್ ಎಂದು ಹೇಳಿಯೇ ಹರಾಜಿಗೆ ಇಡಿಸುತ್ತೇನೆ. ಅದು ಅರ್ಧ ದರಕ್ಕೂ ಹೋಗುವುದಿಲ್ಲ. ಒಳ್ಳೆಯ ಹಣ್ಣಿಗೆ ಇದರಿಂದ ಹೆಚ್ಚಿನ ಬೆಲೆ ಬಂತೆಂದು ಸಾಕ್ಷಿ ಹೇಳಲಾರೆ, ಬಂದಿಲ್ಲ.

ಔಷಧಿಯ ವಿಷಯ ದರದ್ದಲ್ಲ, ಲೆಕ್ಕದ್ದು. ಕಾಯಿಕೊರಕಕ್ಕೆ ಹೊಡೆಯುವ ಕ್ಲೋರಾಂಟ್ರಾನಿಲಿಪ್ರೋಲ್ ಡಬ್ಬಿಯ ಮೇಲೆ ಟೊಮೆಟೊಗೆ ಸಿಂಪಡಿಸಿದ ಮೇಲೆ ಕೊಯ್ಯಲು 3 ದಿನ ಕಾಯಬೇಕೆಂದು ಬರೆದಿರುತ್ತದೆ, ನಾವಾದರೋ ನಾಲ್ಕು ದಿನಕ್ಕೊಮ್ಮೆ ಕೊಯ್ಯುವವರು. ಕೊಯ್ಲಾದ ಸಂಜೆಯೇ ಸಿಂಪಡಿಸಿದರೆ ಎರಡೂ ಹೊಂದುತ್ತವೆ. ಹಿಂದೆ ದರ ನೋಡಿಕೊಂಡು ಮಾರನೆಯ ದಿನವೇ ಕೊಯ್ದದ್ದುಂಟು.

ಕೂಲಿಯದೇ ಕಷ್ಟದ ಮಾತು. ಮಂಡಿಯ ಹಣ ಬಂದ ಮೇಲೆ ಕೊಡುತ್ತೇನೆಂದು ಆಳುಗಳನ್ನು ವಾರಗಟ್ಟಲೆ ಕಾಯಿಸುವುದು ನಮ್ಮಲ್ಲಿ ರೂಢಿ. ಕೂಲಿಯವನ ಕೂಲಿ ಬೆಳಗಿನವರೆಗೂ ನಿನ್ನ ಬಳಿ ಇರಬಾರದೆಂದು ಯಾಜಕಕಾಂಡ 19:13 ಹೇಳುತ್ತದೆ. ಈಗ ಕೊಯ್ಲಿಗೆ ಮುಂಚೆಯೇ ಆ ದಿನದ ಕೂಲಿಯನ್ನು ಒಂದು ಬಿಸ್ಕತ್ತು ಡಬ್ಬಿಯಲ್ಲಿ ಎತ್ತಿಡುತ್ತೇನೆ. ಡಬ್ಬಿ ತುಂಬದಿದ್ದರೆ ಆಳನ್ನು ಕರೆಯುವುದಿಲ್ಲ, ಮನೆಯವರೇ ಕೊಯ್ಯುತ್ತೇವೆ. ಹೆಣ್ಣಾಳಿಗೂ ಗಂಡಾಳಿಗೂ ಸಮನಾದ ಕೂಲಿ ಮಾಡಿದಾಗ ಅಕ್ಕಪಕ್ಕದ ತೋಟದವರು ದರ ಕೆಡಿಸಿದೆ ಎಂದು ಮುನಿಸಿಕೊಂಡರು. ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂಬ ಕಾನೂನು 1976ರಲ್ಲೇ ಬಂದಿತ್ತು. ನನಗೆ ಗೊತ್ತಾದದ್ದು ಮುನಿಸಿನ ಆಮೇಲೆ. ಕ್ರೇಟ್ ಹೊರುವ ಕೆಲಸಕ್ಕೆ ಈಗಲೂ ಗಂಡಾಳಿಗೆ ಹೆಚ್ಚು ಕೊಡುತ್ತೇನೆ. ಅದು ಸರಿಯೋ ತಪ್ಪೋ ನನ್ನಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಕಳೆದ ತಿಂಗಳು ಮಳೆಗೆ ಹಣ್ಣು ಬಿರಿದು, ಕತ್ತಲಾಗುವ ಹೊತ್ತಿಗೆ ಒಂಬತ್ತು ಕ್ರೇಟಷ್ಟೇ ಆಗಿತ್ತು. ಹೊಸದಾಗಿ ಬಂದಿದ್ದ ಹುಡುಗ ನಾಲ್ಕು ಕ್ರೇಟಿನ ತಳಕ್ಕೆ ಗೋಲಿ ತುಂಬಿಬಿಟ್ಟಿದ್ದ. ಟೆಂಪೊದವನು ಹಾರ್ನ್ ಹೊಡೆಯುತ್ತಿದ್ದ. ಎರಡನ್ನು ಸುರಿಸಿ ಮತ್ತೆ ಆಯಿಸಿದೆ. ಉಳಿದೆರಡನ್ನು ಕಂಡೂ ಕಾಣದಂತೆ ಏರಿಸಿದೆ. ಊಟಕ್ಕೆ ಕುಳಿತವನು ತಟ್ಟೆ ಬಿಟ್ಟೆದ್ದು ಮಂಡಿಗೆ ಫೋನ್ ಮಾಡಿ, ಆ ಎರಡನ್ನೂ ಗೋಲಿಯ ಲಾಟಿಗೇ ಸೇರಿಸಿ ಎಂದು ಹೇಳಿದೆ.