ಕಟ್ಟಡ ಹೋಲಿಸೋದು ಬಿಟ್ಟು ರ‍್ಯಾಕ್ ಎಣಿಸಿದೆ: ನನ್ನ ಅನುಭವ

ನಮ್ಮದು ಅಮೆರಿಕದ ಕಾಲೇಜು ಕ್ರೀಡೆಯ ಮೇಲಿನ ದರ್ಜೆಯಾದ ಡಿವಿಷನ್-1ರಲ್ಲಿ ನಡುವಿನ ಸಾಲಿನ ಕಾಲೇಜು. ನಾನು ಅಥ್ಲೆಟಿಕ್ಸ್ ವಿಭಾಗದಲ್ಲಿ ಮೈದಾನ, ಜಿಮ್, ವೇಟ್ ರೂಮ್ (ಭಾರ ಎತ್ತುವ ಕೋಣೆ) ನೋಡಿಕೊಳ್ಳುವವನು. ನಮ್ಮ ವೇಟ್ ರೂಮ್ ನಮ್ಮ ಜೊತೆ ಲೀಗ್ ಆಡುವ ಕಾಲೇಜುಗಳ ಗುಂಪಾದ ಕಾನ್ಫರೆನ್ಸ್‌ಗೇ ಕಳಪೆ, ಹೊಸ ಕಟ್ಟಡ ಬೇಕೇ ಬೇಕು ಅಂತ ಕೋಚ್‌ಗಳು ವರ್ಷಗಟ್ಟಲೆ ಹಟ ಹಿಡಿದಿದ್ದರು. ಹೊರಗಿನ ಸಲಹೆಗಾರರೂ ಅದನ್ನೇ ಹೇಳಿದರು. ಸುಮಾರು 40 ಸಾವಿರ ಡಾಲರ್ ತಗೊಂಡು ಒಂದು ಬಣ್ಣದ ಪುಸ್ತಕ ಕೊಟ್ಟು ಹೋದರು. ಪುಸ್ತಕದ ತುಂಬ ಬೇರೆ ಕಾಲೇಜುಗಳ ಕಟ್ಟಡಗಳ ಫೋಟೊ. ಒಂದು ಭಾಗಾಕಾರವೂ ಇಲ್ಲ!

ನಾನೇ ಹೋಲಿಸಿ ನೋಡ್ತೀನಿ ಅಂದಾಗ ನಕ್ಕವರೇ ಜಾಸ್ತಿ.

ಮೊದಲು ಎಲ್ಲರ ಹಾಗೆ ಖರ್ಚಿನ ಮೇಲೆ ಹೋಲಿಸಿದೆ. ಕೊಲರಾಡೊ ಸ್ಟೇಟ್ ಯೂನಿವರ್ಸಿಟಿಯವರ ಕ್ಯಾನ್ವಾಸ್ ಫುಟ್‌ಬಾಲ್ ಸ್ಟೇಡಿಯಂ 2017ರಲ್ಲಿ ಸುಮಾರು 22 ಕೋಟಿ ಡಾಲರ್‌ಗೆ ಎದ್ದಿತು. ಆಕ್ರನ್‌ನವರು 2009ರಲ್ಲಿ ಸ್ಟೇಡಿಯಂ ಮುಗಿಸಿದ್ದು ಅದರ ಮೂರನೇ ಒಂದು ಪಾಲಿಗಿಂತ ಕಡಿಮೆ ದುಡ್ಡಲ್ಲಿ. ಸರಿ, ಇದರಿಂದ ಬೆಳಗ್ಗೆ ಆರು ಗಂಟೆಗೆ ಸ್ಕ್ವಾಟ್ ಮಾಡೋಕೆ ಬರುವ ಹುಡುಗಿಗೆ ಏನು ಗೊತ್ತಾಗುತ್ತೆ? ಏನೂ ಇಲ್ಲ. ಆಮೇಲೆ ಕಟ್ಟಡದ ವಯಸ್ಸು ಹಿಡಿದೆ. ಅದನ್ನು ಡೇಟನ್ ಕೆಡಿಸಿತು. ಅವರ ಯುಡಿ ಅರೀನಾ 1969ರದ್ದು, ಆದರೂ ಕಾಲೇಜು ಕ್ರೀಡೆಯ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ನಡೆಸುವ ಪುರುಷರ ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಆರಂಭದ ಪಂದ್ಯಗಳಾದ ಫಸ್ಟ್ ಫೋರ್ ನಡೆಯೋದು ಅಲ್ಲೇ. ಸೀಟುಗಳ ಲೆಕ್ಕಕ್ಕೆ ಗೊನ್ಜಾಗಾ ಅಡ್ಡ ಬಂತು. 6,000 ಸೀಟಿನ ಅಂಗಳ ಇಟ್ಟುಕೊಂಡು ಅವರು ಬ್ಯಾಸ್ಕೆಟ್‌ಬಾಲ್‌ನಲ್ಲಿ ದೇಶದ ದೊಡ್ಡ ತಂಡಗಳ ಸಾಲಿನಲ್ಲಿ ಆಡುತ್ತಾರೆ. ಇನ್ನು ಬಾಯ್ಸಿ ಸ್ಟೇಟ್‌ನ ನೀಲಿ ಟರ್ಫ್, ಅಂದರೆ ಫುಟ್‌ಬಾಲ್ ಮೈದಾನದ ಕೃತಕ ಹುಲ್ಲು. 1986ರಿಂದ ಜಗತ್ತೆಲ್ಲ ಅದರ ಹೆಸರು ಹೇಳುತ್ತೆ, ಅದನ್ನು ಯಾವ ಕಾಲಮ್‌ಗೆ ಹಾಕೋದು?

ಕೊನೆಗೆ ಒಂದೇ ಪ್ರಶ್ನೆ ಇಟ್ಟುಕೊಂಡೆ. ಒಬ್ಬ ಆಟಗಾರನಿಗೆ ಬೇಕಾದ ಹೊತ್ತಿನಲ್ಲಿ ಎಷ್ಟು ಜಾಗ ಸಿಗುತ್ತೆ?

ನಮ್ಮದೇ ಲೆಕ್ಕ ನೋಡಿ. ಆಟಗಾರರು ಸುಮಾರು 400. ವಾರಕ್ಕೆ ತಲಾ ಮೂರು ಸಲ ಅಂದರೆ 1,200 ಸರದಿ. 14 ರ‍್ಯಾಕ್, ಅಂದರೆ ಭಾರದ ಸರಳು ಇಟ್ಟು ಎತ್ತುವ ಕಬ್ಬಿಣದ ಚೌಕಟ್ಟು, ಒಂದಕ್ಕೆ ಮೂವರು, ಗಂಟೆಗೆ 42 ಜನ. ಹಾಗಾದರೆ ವಾರಕ್ಕೆ 29 ಗಂಟೆ ಬೇಕು. ಕ್ಲಾಸ್ ಬಿಟ್ಟು ಎಲ್ಲರಿಗೂ ಬೇಕಾಗುವ ಹೊತ್ತು ಬೆಳಗ್ಗೆ ಆರರಿಂದ ಒಂಬತ್ತು, ಮಧ್ಯಾಹ್ನ ಎರಡರಿಂದ ನಾಲ್ಕು. ಐದು ದಿನಕ್ಕೆ 25 ಗಂಟೆ. ಕೊರತೆ ಇಷ್ಟೇ, ನಾಲ್ಕು ಗಂಟೆ! ಇನ್ನೂ ನಾಲ್ಕು ರ‍್ಯಾಕ್ ಬಂದರೆ ಗಂಟೆಗೆ 54 ಜನ, 22 ಗಂಟೆ ಚಿಲ್ಲರೆಯಲ್ಲಿ ಎಲ್ಲರದೂ ಮುಗಿಯುತ್ತೆ.

ಇದೇ ಲೆಕ್ಕವನ್ನು ಬೇರೆ ಕಾಲೇಜುಗಳಿಗೆ ಹಾಕೋದೇ ತಲೆನೋವು. ಆಟಗಾರರ ಸಂಖ್ಯೆ ಕಾಲೇಜುಗಳು ಸರ್ಕಾರಕ್ಕೆ ಕೊಡುವ ಇಎಡಿಎ ವರದಿಯಲ್ಲಿ ಪುಕ್ಕಟೆ ಸಿಗುತ್ತೆ. ಆದರೆ ಅಲ್ಲೊಂದು ಗುಂಡಿ ಇದೆ. ಕ್ರಾಸ್ ಕಂಟ್ರಿ, ಇಂಡೋರ್ ಟ್ರ್ಯಾಕ್, ಔಟ್‌ಡೋರ್ ಟ್ರ್ಯಾಕ್ ಮೂರೂ ಓಡುವವಳು ತಂಡಗಳ ಮೊತ್ತದಲ್ಲಿ ಮೂರು ಸಲ ಬರುತ್ತಾಳೆ. ಒಬ್ಬರನ್ನು ಒಮ್ಮೆ ಮಾತ್ರ ಎಣಿಸಿದ ಸಂಖ್ಯೆ ಅದೇ ವರದಿಯಲ್ಲಿ ಬೇರೆ ಇರುತ್ತೆ, ಅದನ್ನೇ ತಗೊಳ್ಳಿ. ಇಲ್ಲದಿದ್ದರೆ ಟ್ರ್ಯಾಕ್ ಜೋರಾಗಿರುವ ಕಾಲೇಜಿನ ವೇಟ್ ರೂಮೆಲ್ಲ ಸಂತೆಯ ಹಾಗೆ ಕಾಣುತ್ತೆ.

ರ‍್ಯಾಕ್ ಎಣಿಸೋಕೆ ಸರ್ಕಾರಿ ಕಾಲೇಜುಗಳಿಗೆ ದಾಖಲೆ ಕೇಳಿ ಅರ್ಜಿ ಹಾಕಿದೆ. ಒಂದು ಕಡೆಯಿಂದ ಹುಡುಕುವ ಕೂಲಿ ಅಂತ ಸುಮಾರು 600 ಡಾಲರ್ ಬಿಲ್ ಬಂತು, ಬಿಟ್ಟೆ. ಖಾಸಗಿಯವರನ್ನು ಕೇಳೋ ಹಾಗೇ ಇಲ್ಲ. ಕೊನೆಗೆ ಕೈ ಹಿಡಿದದ್ದು ಸ್ಟ್ರೆಂತ್ ಕೋಚ್‌ಗಳು ತಾವೇ ಹಾಕುವ ವಿಡಿಯೊ. ಫ್ರೇಮ್ ಫ್ರೇಮ್ ನಿಲ್ಲಿಸಿ ಎಣಿಸಬೇಕು, ಕನ್ನಡಿ ಇದ್ದರೆ ಹುಷಾರು. ಒಂದು ಕಡೆ 24 ರ‍್ಯಾಕ್ ಅಂತ ಕಂಡಿದ್ದು ನಿಜಕ್ಕೆ 12. ಪ್ಲೇಟ್ ಮೇಲಿನ ಅಕ್ಷರ ತಿರುವುಮುರುವಾಗಿದ್ದರೆ ಅದು ಕನ್ನಡಿಯ ರ‍್ಯಾಕ್. ಟೆಂಡರ್ ಕಾಗದದಲ್ಲೂ ಸಿಗುತ್ತೆ. ಯಾವ ಕಾಗದದಲ್ಲಿ, ಯಾವ ಪುಟದ ಹತ್ತಿರ ಅನ್ನೋದನ್ನು ಮಾತ್ರ ಹೇಳಲ್ಲ, ಅದಕ್ಕೆ ನಾನು ತುಂಬ ರಾತ್ರಿ ಕೂತಿದ್ದೇನೆ. ಯಾರ ತಂಡ ಎಷ್ಟೊತ್ತಿಗೆ ಒಳಗಿರುತ್ತೆ ಅಂತ ಪತ್ತೆ ಮಾಡುವ ದಾರಿಯೂ ನನ್ನಲ್ಲೇ ಇರಲಿ.

ನಡುವೆ ಟರ್ಫ್ ಹುಚ್ಚು ಹಿಡಿಯಿತು. ಗೂಗಲ್ ಅರ್ಥ್‌ನಲ್ಲಿ ಹಳೆಯ ಚಿತ್ರಗಳನ್ನು ಹಿಂದಕ್ಕೆ ಸರಿಸುತ್ತಾ ಹೋದರೆ ಲೋಗೊ, ಬಣ್ಣ ಬದಲಾದ ವರ್ಷ ಸಿಗುತ್ತೆ. ಟರ್ಫ್ ಬಾಳೋದು ಎಂಟು ಹತ್ತು ವರ್ಷ, ಹಾಗಾಗಿ ಯಾರಿಗೆ ಯಾವಾಗ ಖರ್ಚು ಬಂದು ಬಡಿಯುತ್ತೆ ಅಂತ ಕೂತಲ್ಲೇ ಹೇಳಬಹುದು. ದೀಪದ ಕಂಬದ ನೆರಳು ಅಳೆದು ಎತ್ತರ ಕಂಡುಹಿಡಿಯೋಕೂ ಹೋದೆ. ಲೆಕ್ಕ ಸರಿ ಬಂತು, ಉಪಯೋಗಕ್ಕೆ ಬರಲಿಲ್ಲ. ಜಾಗ ಯಾರದ್ದು ಅನ್ನೋ ಕಾಲಮ್ ಮಾತ್ರ ಭಾರಿ ಕೆಲಸಕ್ಕೆ ಬಂತು. ನಾರ್ತ್ ಡಕೋಟಾ ಸ್ಟೇಟ್ ಆಡುವ ಫಾರ್ಗೋಡೋಮ್ ಊರಿನದ್ದು. ಅಂಥ ಕಡೆ ಸಂಗೀತ ಕಾರ್ಯಕ್ರಮ, ಮೇಳಗಳ ಜೊತೆ ತಾರೀಖು ಹಂಚಿಕೊಳ್ಳಬೇಕು. ಕಟ್ಟಡ ಚೆನ್ನಾಗಿದೆ ಅಂದ ಮಾತ್ರಕ್ಕೆ ಬೇಕಾದಾಗ ಸಿಗುತ್ತೆ ಅಂತಲ್ಲ.

ಪಟ್ಟಿ ಮುಗಿದಾಗ ಗೊತ್ತಾಯಿತು, ನಾವು ಕಳಪೆ ಅಲ್ಲವೇ ಅಲ್ಲ. ತಲಾ ಲೆಕ್ಕದಲ್ಲಿ ನಡುವಿಗಿಂತ ಸ್ವಲ್ಪ ಕೆಳಗೆ, ಅಷ್ಟೇ. ನಮಗಿಂತ ಹೊಸ ಕಟ್ಟಡ ಇರುವ ಎರಡು ಕಾಲೇಜುಗಳು ನಮ್ಮ ಹಿಂದೆ ಇದ್ದವು. ಕೋಚ್‌ಗಳಿಗೆ ಇದು ಸುತರಾಂ ಒಪ್ಪಿಗೆ ಆಗಲಿಲ್ಲ. ಅಥ್ಲೆಟಿಕ್ ಡೈರೆಕ್ಟರ್ ಮೇಡಂ ಕಣ್ಣು ಮಾತ್ರ ಇನ್ನೊಂದು ಕಾಲಮ್ ಮೇಲೆ ನಿಂತಿತು. ನಮ್ಮಲ್ಲಿ ಬೆಳಗ್ಗೆ ಆರರ ಸರದಿ ಹೆಚ್ಚುಕಮ್ಮಿ ಎಲ್ಲವೂ ಹುಡುಗಿಯರ ತಂಡಗಳದ್ದು, ಮಧ್ಯಾಹ್ನದ್ದು ಹುಡುಗರದ್ದು. ಶಿಕ್ಷಣದಲ್ಲಿ ಹೆಣ್ಣು ಗಂಡು ಭೇದ ಬೇಡ ಅನ್ನುವ ಟೈಟಲ್ ನೈನ್ ನಿಯಮದಲ್ಲಿ ಜಾಗದ ಜೊತೆ ಅಭ್ಯಾಸದ ಹೊತ್ತನ್ನೂ ನೋಡುತ್ತಾರೆ. ಆ ವಾರವೇ ಸರದಿ ಬದಲಾಯಿತು, ಅದಕ್ಕೆ ಒಂದು ಡಾಲರ್ ಖರ್ಚಿಲ್ಲ.

ಸಮಯವೂ ಕೂಡಿಬಂತು ಅನ್ನಿ. 2025ರ ಜೂನ್‌ನಲ್ಲಿ ಆಟಗಾರರು ಹೂಡಿದ್ದ ಹೌಸ್ ಮೊಕದ್ದಮೆಯ ಒಪ್ಪಂದಕ್ಕೆ ಕೋರ್ಟ್ ಒಪ್ಪಿದ ಮೇಲೆ ಕಾಲೇಜುಗಳು ಆಟಗಾರರಿಗೇ ನೇರ ದುಡ್ಡು ಕೊಡಬಹುದು, ಮೊದಲ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್. ನಮ್ಮಂಥವರು ಅದರ ಹತ್ತಿರಕ್ಕೂ ಹೋಗಲ್ಲ, ಆದರೆ ಅದಕ್ಕಾಗಿ ಎಷ್ಟು ತೆಗೆದಿಟ್ಟರೂ ಕಟ್ಟಡದ ದುಡ್ಡಿಗೇ ಕತ್ತರಿ. ಕೋಟಿ ಡಾಲರ್ ಮೇಲಿನ ಯೋಜನೆ ಕಪಾಟು ಸೇರಿತು. ವೇಟ್ ರೂಮ್ ಪಕ್ಕದ ಹಳೆ ಸ್ಟೋರ್ ಗೋಡೆ ಒಡೆಸಿ, ರಬ್ಬರ್ ನೆಲ ಹಾಸಿ, ನಾಲ್ಕು ರ‍್ಯಾಕ್ ನಿಲ್ಲಿಸಿದೆವು. ಎಲ್ಲ ಸೇರಿ 70 ಸಾವಿರದ ಆಸುಪಾಸು. ಅತಿ ಜೋರಾಗಿ ನಕ್ಕಿದ್ದ ಕೋಚ್ ಈಗ ತಂಡಕ್ಕೆ ಸೇರಿಸಿಕೊಳ್ಳೋಕೆ ಕರೆಸುವ ಹೊಸ ಆಟಗಾರರನ್ನು ಮೊದಲು ಕರ್ಕೊಂಡು ಬರೋದೇ ಅಲ್ಲಿಗೆ.

ಈಗ ಆಟಗಾರರ ಗಾಯ ನೋಡಿಕೊಳ್ಳುವ ಟ್ರೈನರ್‌ಗಳ ಕೋಣೆಯ ಲೆಕ್ಕ ಶುರುವಾಗಿದೆ. ಟೇಪ್ ಸುತ್ತುವ ಟೇಬಲ್ ಎಣಿಸೋದು ಸುಲಭ. ಐಸ್ ಟಬ್‌ಗಳದ್ದೇ ಕಷ್ಟ, ವಿಡಿಯೊದಲ್ಲಿ ಯಾರೂ ತೋರಿಸಲ್ಲ.